ಪರರ ವಶದಲ್ಲಿರುವ ದಾಖಲೆ: ಹಕ್ಕು ಯಾರದು?

ಕಿರ್ದಿ, ಖಾತೆ, ಓಚರುಗಳನ್ನು ಬಲ್ಲ ವರ್ತಕರಿಗೆ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ವ್ಯಾಪಾರಿಯ ಓಚರುಗಳಲ್ಲಿ ಒಂದನ್ನೂ ನೋಡದೆ, ಅವನ ಖಾತೆ ಪುಸ್ತಕದಲ್ಲಿರುವ ಹೆಸರು, ದಿನಾಂಕ ಮತ್ತು ಮೊಬಲಗುಗಳನ್ನು ಮಾತ್ರ ಒಂದು ವರ್ಷದ ಮಟ್ಟಿಗೆ ಓದಿದರೆ ಸಾಕು. ಅವನಿಗೆ ಸರಕು ಎಲ್ಲಿಂದ ಬರುತ್ತದೆ, ಯಾರಿಗೆ ಹೋಗುತ್ತದೆ, ಯಾವ ತಿಂಗಳಲ್ಲಿ ಕೈ ಬಿಗಿಯಾಗುತ್ತದೆ, ಆಗ ಯಾರಿಂದ ಕೈಗಡ ತರುತ್ತಾನೆ ಎಂಬುದೆಲ್ಲವೂ ತಿಳಿದುಹೋಗುತ್ತದೆ. ಆದುದರಿಂದಲೇ ಖಾತೆ ಪುಸ್ತಕವನ್ನು ಅಂಗಡಿಯ ಮುಂಗಟ್ಟಿನಲ್ಲಿ ತೆರೆದಿಡುವ ವಾಡಿಕೆ ಯಾವ ಪೇಟೆಯಲ್ಲಿಯೂ ಇಲ್ಲ.

ಇಂದು ಇಂಥ ಖಾತೆಯ ಇನ್ನೊಂದು ಪ್ರತಿಯು ವರ್ತಕನ ಅರಿವಿಗೆ ಬಾರದಂತೆ ಬೇರೆಡೆಯಲ್ಲಿ ಸಿದ್ಧವಾಗುತ್ತಿರುತ್ತದೆ. ಹಣದ ಬರವು ಹೋಕು ಬ್ಯಾಂಕಿನಲ್ಲಿ ದಾಖಲಾಗುತ್ತದೆ. ಯಾರೊಡನೆ, ಎಷ್ಟು ಹೊತ್ತು ಮಾತನಾಡಲಾಯಿತೆಂಬುದು ದೂರವಾಣಿ ಕಂಪನಿಯಲ್ಲಿಯೂ, ಪತ್ರವ್ಯವಹಾರವೆಲ್ಲವೂ ಇ-ಮೇಲ್ ಸೇವೆ ನೀಡುವ ಕಂಪನಿಯಲ್ಲಿಯೂ ಉಳಿಯುತ್ತವೆ. ಹೀಗೆ ಪರರ ವಶದಲ್ಲಿರುವ ದಾಖಲೆಯ ಮೇಲೆ ಅದು ಯಾರಿಗೆ ಸಂಬಂಧಿಸಿದೆಯೋ ಅವರಿಗೆ ಹಕ್ಕು ಉಳಿದಿದೆಯೆ? ಅಥವಾ ಒಮ್ಮೆ ಇನ್ನೊಬ್ಬರಿಗೆ ಒಪ್ಪಿಸಿದ ಮೇಲೆ ಸರ್ಕಾರವು ಅದನ್ನು ಯಾವ ಸಂಶಯದ ಆಧಾರವೂ ಇಲ್ಲದೆ ಸಗಟಾಗಿ ತರಿಸಿಕೊಳ್ಳಬಹುದೆ? ಈ ಪ್ರಶ್ನೆಗೆ ಅಮೆರಿಕ ಸಂಯುಕ್ತ ಸಂಸ್ಥಾನ ಒಂದು ಉತ್ತರವನ್ನೂ ಭಾರತ ಇನ್ನೊಂದು ಉತ್ತರವನ್ನೂ ನೀಡಿವೆ. ಭಾರತದ ಉತ್ತರವು ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕೊಂದರ ಮೊಕದ್ದಮೆಯಲ್ಲಿ ದೊರೆತದ್ದೆಂಬುದು ನಮ್ಮ ನಾಡಿನ ವರ್ತಕರಿಗೆ ವಿಶೇಷ ಆಸಕ್ತಿಯ ವಿಷಯ. ಮೊದಲು ಅಮೆರಿಕದ ಪ್ರಕರಣವನ್ನು ಪರಿಶೀಲಿಸುವುದು ಅನುಕೂಲ.

ಒಂದು ಆದೇಶ, ಕೋಟ್ಯಂತರ ಕರೆಗಳು

2013ರ ಜೂನ್ 5ರಂದು ಬ್ರಿಟನ್ನಿನ ‘ದಿ ಗಾರ್ಡಿಯನ್’ ಪತ್ರಿಕೆಯು ಅಮೆರಿಕದ ರಹಸ್ಯ ನ್ಯಾಯಾಲಯವೊಂದರ ಆದೇಶವನ್ನು ಪ್ರಕಟಿಸಿತು. ಅದೇ ವರ್ಷದ ಏಪ್ರಿಲ್ 25ರ ದಿನಾಂಕದ ಆ ಆದೇಶವು, ವೆರಿಝಾನ್ ಸಮೂಹದ ದೂರವಾಣಿ ಕಂಪನಿಯು ತನ್ನ ಗ್ರಾಹಕರ ಕರೆಗಳ ವಿವರವನ್ನು ರಾಷ್ಟ್ರೀಯ ಭದ್ರತಾ ಸಂಸ್ಥೆಗೆ (ಎನ್‌ಎಸ್‌ಎ) ಪ್ರತಿದಿನವೂ ಒಪ್ಪಿಸಬೇಕೆಂದು ವಿಧಿಸಿತ್ತು. ಕರೆ ಮಾಡಿದವರ ಸಂಖ್ಯೆ, ಸ್ವೀಕರಿಸಿದವರ ಸಂಖ್ಯೆ, ಸಮಯ, ಅವಧಿ ಇವೆಲ್ಲವೂ ಅದರಲ್ಲಿ ಸೇರಿದ್ದವು. ಮಾತಿನ ಸಾರಾಂಶ ಸೇರಿರಲಿಲ್ಲ. ಆದೇಶದಲ್ಲಿ ಯಾವ ಶಂಕಿತನ ಹೆಸರೂ ಇರಲಿಲ್ಲ. ಎಲ್ಲ ಗ್ರಾಹಕರೂ ಅದರ ವ್ಯಾಪ್ತಿಯಲ್ಲಿದ್ದರು. ಇಂಥ ಸಗಟು ಸಂಗ್ರಹವು 2006ರಿಂದಲೇ ನಡೆದುಬಂದಿತ್ತೆಂಬುದೂ, ವಿವರಗಳನ್ನು ಐದು ವರ್ಷ ಕಾಪಿಡಲಾಗುತ್ತಿತ್ತೆಂಬುದೂ ಅನಂತರ ಬೆಳಕಿಗೆ ಬಂದವು.

ಮರುದಿನವೇ ‘ಪ್ರಿಸಂ’ ಎಂಬ ಇನ್ನೊಂದು ಯೋಜನೆಯ ಸುದ್ದಿ ಹೊರಬಿತ್ತು. ಮೈಕ್ರೋಸಾಫ್ಟ್, ಯಾಹೂ, ಗೂಗಲ್, ಫೇಸ್‌ಬುಕ್, ಆಪಲ್ ಮೊದಲಾದ ಒಂಬತ್ತು ಸೇವೆಗಳ ಮೂಲಕ ವಿದೇಶೀಯರ ಇ-ಮೇಲ್ ಮುಂತಾದವುಗಳನ್ನು ಪಡೆಯುವ ಯೋಜನೆ ಅದು. ತಮ್ಮ ಗಣಕಗಳಿಗೆ ನೇರ ಪ್ರವೇಶ ನೀಡಿಲ್ಲವೆಂದು ಕಂಪನಿಗಳು ಹೇಳಿಕೆ ನೀಡಿದವು. ಅದೇ ತಿಂಗಳಲ್ಲಿ ಪ್ರಕಟವಾದ ಮತ್ತೊಂದು ದಾಖಲೆಯ ಪ್ರಕಾರ, 2013ರ ಮಾರ್ಚ್ ಒಂದೇ ತಿಂಗಳಿನಲ್ಲಿ ಭಾರತಕ್ಕೆ ಸಂಬಂಧಿಸಿದ ಸುಮಾರು 630 ಕೋಟಿ ಮಾಹಿತಿ ತುಣುಕುಗಳು ಸಂಗ್ರಹವಾಗಿದ್ದವು. ದೇಶಗಳ ಪಟ್ಟಿಯಲ್ಲಿ ಭಾರತ ಐದನೆಯ ಸ್ಥಾನದಲ್ಲಿತ್ತು.

ಈ ದಾಖಲೆಗಳನ್ನು ಪತ್ರಿಕೆಗಳಿಗೆ ಒಪ್ಪಿಸಿದವರು 29 ವರ್ಷದ ಎಡ್ವರ್ಡ್ ಸ್ನೋಡೆನ್. ಭದ್ರತಾ ಸಂಸ್ಥೆಯ ಕೆಲಸವನ್ನು ಗುತ್ತಿಗೆಗೆ ಪಡೆದಿದ್ದ ಬೂಜ್ ಅಲೆನ್ ಹ್ಯಾಮಿಲ್ಟನ್ ಎಂಬ ಖಾಸಗಿ ಕಂಪನಿಯ ನೌಕರರಾಗಿ ಹವಾಯಿಯಲ್ಲಿದ್ದ ಅವರು, ಜೂನ್ 9ರಂದು ಹಾಂಗ್‌ಕಾಂಗಿನಿಂದ ತಮ್ಮ ಹೆಸರನ್ನು ತಾವೇ ಬಹಿರಂಗಪಡಿಸಿದರು.

ಎರಡು ಸಣ್ಣ ಮೊಕದ್ದಮೆಗಳು

ಪ್ರಜೆಗಳ ಕಾಗದಪತ್ರಗಳನ್ನು ಸಕಾರಣವಿಲ್ಲದೆ ಶೋಧಿಸಕೂಡದೆಂದು ಅಮೆರಿಕದ ಸಂವಿಧಾನದ ನಾಲ್ಕನೆಯ ತಿದ್ದುಪಡಿಯು ವಿಧಿಸಿದೆ. ಹಾಗಿದ್ದೂ ಇಷ್ಟು ದೊಡ್ಡ ಸಂಗ್ರಹಕ್ಕೆ ಕಾನೂನಿನ ಆಸರೆ ಹೇಗೆ ದೊರೆಯಿತೆಂದು ಹುಡುಕಿದರೆ, ಎರಡು ಸಣ್ಣ ಮೊಕದ್ದಮೆಗಳು ಕಣ್ಣಿಗೆ ಬೀಳುತ್ತವೆ.

ಮೊದಲನೆಯದು 1976ರ ಮಿಲ್ಲರ್ ಪ್ರಕರಣ. ತೆರಿಗೆ ಕೊಡದೆ ಕಳ್ಳಭಟ್ಟಿ ನಡೆಸಿದ ಆರೋಪ ಹೊತ್ತ ವ್ಯಕ್ತಿಯೊಬ್ಬನ ಚೆಕ್ಕುಗಳನ್ನೂ ಜಮಾ ಚೀಟಿಗಳನ್ನೂ ಅಧಿಕಾರಿಗಳು ಅವನ ಬ್ಯಾಂಕುಗಳಿಂದ ಪಡೆದಿದ್ದರು. ಅವು ಬ್ಯಾಂಕಿನ ವ್ಯವಹಾರ ದಾಖಲೆಗಳು, ಗ್ರಾಹಕನು ತಾನಾಗಿಯೇ ಬ್ಯಾಂಕಿಗೆ ಒಪ್ಪಿಸಿದವು, ಆದುದರಿಂದ ಅವುಗಳ ಮೇಲೆ ಅವನಿಗೆ ಖಾಸಗಿತನದ ಹಕ್ಕು ಇಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಎರಡನೆಯದು 1979ರ ಸ್ಮಿತ್ ಪ್ರಕರಣ. ಬಾಲ್ಟಿಮೋರ್ ನಗರದಲ್ಲಿ ದರೋಡೆಗೆ ಒಳಗಾದ ಮಹಿಳೆಗೆ ಬೆದರಿಕೆ ಕರೆಗಳು ಬರುತ್ತಿದ್ದುದರಿಂದ, ಶಂಕಿತನ ದೂರವಾಣಿಯಿಂದ ಯಾವ ಸಂಖ್ಯೆಗಳಿಗೆ ಕರೆ ಹೋಗುತ್ತದೆಂಬುದನ್ನು ಪೊಲೀಸರು ದೂರವಾಣಿ ಕಂಪನಿಯ ನೆರವಿನಿಂದ ಗುರುತು ಹಾಕಿಕೊಂಡಿದ್ದರು. ಕರೆ ಮಾಡುವವನು ಸಂಖ್ಯೆಯನ್ನು ಕಂಪನಿಗೆ ತಿಳಿಸಿಯೇ ಇರುತ್ತಾನೆ, ಹಾಗಾಗಿ ಅದರಲ್ಲಿ ಗೋಪ್ಯವೇನೂ ಉಳಿಯದೆಂದು ನ್ಯಾಯಾಲಯ ಹೇಳಿತು.

ಈ ಎರಡರಲ್ಲಿಯೂ ಒಬ್ಬ ಶಂಕಿತನಿದ್ದ, ಅವನ ವಿರುದ್ಧ ನಿರ್ದಿಷ್ಟ ಆರೋಪವಿತ್ತು ಎಂಬುದನ್ನು ಗಮನಿಸಬೇಕು. ಮೂರು ದಶಕಗಳ ತರುವಾಯ ಸರ್ಕಾರದ ವಕೀಲರು ಇದೇ ಸೂತ್ರವನ್ನು ಇಡೀ ದೇಶದ ದೂರವಾಣಿಗಳಿಗೆ ಅನ್ವಯಿಸಿದರು. 2001ರ ಭಯೋತ್ಪಾದಕ ದಾಳಿಯ ನಂತರ ಬಂದ ಪೇಟ್ರಿಯಟ್ ಅಧಿನಿಯಮದ ಕಲಂ 215, ತನಿಖೆಗೆ ‘ಪ್ರಸ್ತುತವಾದ’ ವ್ಯವಹಾರ ದಾಖಲೆಗಳನ್ನು ಪಡೆಯಲು ಅಧಿಕಾರ ನೀಡಿತ್ತು. ಮುಂದೆ ಎಂದಾದರೂ ಯಾವುದಾದರೊಂದು ದಾಖಲೆ ಬೇಕಾಗಬಹುದು, ಆದುದರಿಂದ ಎಲ್ಲ ದಾಖಲೆಗಳೂ ಪ್ರಸ್ತುತವೇ ಎಂಬುದು ಅವರ ವಾದ. ಒಬ್ಬನಿಗೆ ಚಿಲ್ಲರೆಯಾಗಿ ಅನ್ವಯಿಸಿದ ನಿಯಮವು ಹೀಗೆ ಸಗಟಿಗೆ ತಿರುಗಿತು.

ಮಾತು ಬೇಡ, ವಿವರ ಸಾಕು

‘ಮಾತನ್ನು ಕೇಳಿಸಿಕೊಂಡಿಲ್ಲ, ವಿವರವನ್ನು ಮಾತ್ರ ಸಂಗ್ರಹಿಸಲಾಗಿದೆ’ ಎಂಬ ಸಮಾಧಾನವನ್ನು ಅಮೆರಿಕದ ಸರ್ಕಾರ ತನ್ನ ಪ್ರಜೆಗಳಿಗೆ ನೀಡಿತು. ಖಾತೆಯನ್ನು ಬಲ್ಲವರು ಈ ಸಮಾಧಾನವನ್ನು ಸುಲಭವಾಗಿ ಒಪ್ಪಲಾರರು. ಒಬ್ಬ ಕಾರ್ಖಾನೆಯ ಮಾಲೀಕನು ವಾರದಲ್ಲಿ ಮೂರು ಬಾರಿ ಹೃದ್ರೋಗ ತಜ್ಞರಿಗೆ, ಒಮ್ಮೆ ವಿಮಾ ಕಂಪನಿಗೆ, ಎರಡು ಬಾರಿ ದಸ್ತಾವೇಜು ಬರೆಯುವ ವಕೀಲರಿಗೆ ಕರೆ ಮಾಡಿದ್ದಾನೆಂದು ತಿಳಿದರೆ, ಏನು ಮಾತನಾಡಿದನೆಂದು ಪ್ರತ್ಯೇಕವಾಗಿ ಕೇಳಬೇಕೆ?

ಸಂಗ್ರಹದ ವ್ಯಾಪ್ತಿಯನ್ನು ತಿಳಿಯಲು ಸರಳ ಗುಣಾಕಾರ ಸಾಕು. ಶಂಕಿತ ಸಂಖ್ಯೆಯೊಂದರಿಂದ ಆರಂಭಿಸಿ ಮೂರು ಹಂತಗಳವರೆಗೆ ಪರಿಶೀಲಿಸಲು ಅವಕಾಶವಿತ್ತು. ಒಂದೊಂದು ಸಂಖ್ಯೆಗೂ 40 ಜನರೊಡನೆ ಸಂಪರ್ಕವಿದೆಯೆಂದು ಭಾವಿಸಿದರೆ, ಮೊದಲ ಹಂತದಲ್ಲಿ 40, ಎರಡನೆಯದರಲ್ಲಿ 1,600, ಮೂರನೆಯದರಲ್ಲಿ 64,000 ಸಂಖ್ಯೆಗಳು ಒಳಗಾಗುತ್ತವೆ. ಬ್ಯಾಂಕಿನ ಸಹಾಯವಾಣಿಯೋ ಹೋಟೆಲೋ ನಡುವೆ ಸಿಕ್ಕಿದರೆ ಲೆಕ್ಕವೇ ತಪ್ಪಿಹೋಗುತ್ತದೆ. 2014ರ ಜನವರಿಯಲ್ಲಿ ಅಧ್ಯಕ್ಷ ಒಬಾಮಾ ಅವರು ಹಂತಗಳನ್ನು ಎರಡಕ್ಕೆ ಇಳಿಸಿದರು.

ಗೂಢಚಾರಿಕೆ ರಾಜ್ಯಾಡಳಿತಕ್ಕೆ ಹೊಸದಲ್ಲ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವರ್ತಕರ ವೇಷದ ಗೂಢಚಾರರಿಗೇ ಒಂದು ವರ್ಗವಿದೆ. ಆದರೆ ಹಿಂದೆ ಒಬ್ಬನನ್ನು ಹಿಂಬಾಲಿಸಲು ಒಬ್ಬ ಬೇಕಿತ್ತು, ಅವನಿಗೆ ಸಂಬಳ ತೆರಬೇಕಿತ್ತು. ಈ ಖರ್ಚೇ ಪ್ರಭುತ್ವಕ್ಕೆ ಒಂದು ಕಡಿವಾಣವಾಗಿತ್ತು. ಗಣಕಯಂತ್ರವು ಆ ಖರ್ಚನ್ನು ಇಳಿಸಿತು. ಕಡಿವಾಣವೂ ಅದರೊಂದಿಗೆ ಸಡಿಲವಾಯಿತು.

ಪ್ರತಿವಾದಿಯಿಲ್ಲದ ನ್ಯಾಯಾಲಯ

ಇಂಥ ಅಧಿಕಾರವನ್ನು ಯಾರೂ ಪರಿಶೀಲಿಸುತ್ತಿರಲಿಲ್ಲವೆಂದು ಹೇಳಲಾಗದು. 1970ರ ದಶಕದಲ್ಲಿ ಗುಪ್ತಚರ ಸಂಸ್ಥೆಗಳ ಅತಿರೇಕಗಳನ್ನು ಸೆನೆಟ್ ಸಮಿತಿಯೊಂದು ಬಯಲಿಗೆ ತಂದ ಮೇಲೆ, 1978ರ ಕಾನೂನಿನಂತೆ ವಿಶೇಷ ನ್ಯಾಯಾಲಯವೊಂದನ್ನು ಸ್ಥಾಪಿಸಲಾಗಿತ್ತು. ಆದರೆ ಅದರ ಕಲಾಪ ರಹಸ್ಯವಾಗಿತ್ತು. ಅರ್ಜಿದಾರ ಸರ್ಕಾರ, ಎದುರಿಗೆ ಪ್ರತಿವಾದಿಯಿಲ್ಲ. 1979ರಿಂದ 2012ರವರೆಗೆ ಬಂದ 33,000ಕ್ಕೂ ಹೆಚ್ಚು ಅರ್ಜಿಗಳಲ್ಲಿ ತಿರಸ್ಕೃತವಾದವು ಹನ್ನೊಂದು ಮಾತ್ರ. ಕೆಲವು ಅರ್ಜಿಗಳನ್ನು ತಿದ್ದಿಸಿದ ನಂತರವೇ ಒಪ್ಪಲಾಗುತ್ತಿತ್ತೆಂಬುದೂ ನಿಜ. ಆದರೂ ಒಬ್ಬರ ಮಾತನ್ನು ಮಾತ್ರ ಕೇಳಿ ಬರೆದ ತೀರ್ಪು, ಮಾಲೀಕನ ಹೇಳಿಕೆಯನ್ನೇ ನಂಬಿ ಓಚರು ನೋಡದೆ ಸಹಿ ಹಾಕಿದ ಲೆಕ್ಕಪರಿಶೋಧನಾ ವರದಿಯಂತೆಯೇ ಸರಿ.

ಶಾಸನ ಸಭೆಯ ಮೇಲ್ವಿಚಾರಣೆಯ ಸ್ಥಿತಿಯೂ ಹೀಗೆಯೇ ಇತ್ತು. 2013ರ ಮಾರ್ಚ್ 12ರಂದು ಸೆನೆಟ್ ಸಮಿತಿಯ ಬಹಿರಂಗ ಸಭೆಯಲ್ಲಿ ಸದಸ್ಯ ರಾನ್ ವೈಡನ್ ಅವರು, ಭದ್ರತಾ ಸಂಸ್ಥೆಯು ಲಕ್ಷಾಂತರ ಅಮೆರಿಕನ್ನರ ಬಗ್ಗೆ ಯಾವುದೇ ಬಗೆಯ ಮಾಹಿತಿಯನ್ನು ಸಂಗ್ರಹಿಸುತ್ತಿದೆಯೇ ಎಂದು ಗುಪ್ತವಾರ್ತಾ ವಿಭಾಗದ ಮುಖ್ಯಸ್ಥ ಜೇಮ್ಸ್ ಕ್ಲ್ಯಾಪರ್ ಅವರನ್ನು ನೇರವಾಗಿ ಕೇಳಿದರು. ಇಲ್ಲವೆಂಬ ಉತ್ತರ ಬಂತು. ಮೂರು ತಿಂಗಳು ತುಂಬುವ ಮೊದಲೇ ವೆರಿಝಾನ್ ಆದೇಶ ಪ್ರಕಟವಾಯಿತು. ತಮ್ಮ ಉತ್ತರ ತಪ್ಪಾಗಿತ್ತೆಂದು ಕ್ಲ್ಯಾಪರ್ ಸಮಿತಿಗೆ ಪತ್ರ ಬರೆದು ಕ್ಷಮೆ ಕೋರಿದರು.

ಬಯಲಿಗೆಳೆದವರ ಪಾಡು

ಸಂಸ್ಥೆಯೊಳಗಿನ ಅಕ್ರಮವನ್ನು ಒಳಗಿನವರೇ ಹೊರಗೆ ತಿಳಿಸಿದಾಗ ಅವರನ್ನು ‘ವಿಷಲ್ ಬ್ಲೋಯರ್’ ಎನ್ನುತ್ತಾರೆ. ನೇರವಾಗಿ ಪತ್ರಿಕೆಗೆ ಹೋಗದೆ ಮೇಲಧಿಕಾರಿಗಳಿಗೆ ದೂರು ಕೊಡಬಹುದಿತ್ತಲ್ಲವೆ ಎಂಬ ಆಕ್ಷೇಪಣೆ ಸ್ನೋಡೆನ್ ಅವರ ಬಗ್ಗೆ ಕೇಳಿಬಂತು. ಆ ದಾರಿಯನ್ನು ತುಳಿದವರೊಬ್ಬರ ಅನುಭವವನ್ನು ಇಲ್ಲಿ ನೋಡಬಹುದು. ಅದೇ ಭದ್ರತಾ ಸಂಸ್ಥೆಯ ಹಿರಿಯ ಅಧಿಕಾರಿ ಥಾಮಸ್ ಡ್ರೇಕ್, ‘ಟ್ರೇಲ್‌ಬ್ಲೇಜರ್’ ಎಂಬ ಯೋಜನೆಯಲ್ಲಿ ಸಾರ್ವಜನಿಕ ಹಣ ಪೋಲಾಗುತ್ತಿದೆಯೆಂದು ರಕ್ಷಣಾ ಇಲಾಖೆಯ ತಪಾಸಣಾಧಿಕಾರಿಗಳ ತನಿಖೆಗೆ ನೆರವಾಗಿದ್ದರು. ಮುಂದೆ ಅವರು ಪತ್ರಕರ್ತರೊಬ್ಬರನ್ನೂ ಸಂಪರ್ಕಿಸಿದರು. 2010ರಲ್ಲಿ ಅವರ ಮೇಲೆ 1917ರ ಬೇಹುಗಾರಿಕಾ ಅಧಿನಿಯಮದಡಿ ಸೇರಿದಂತೆ ಹತ್ತು ಆರೋಪಗಳನ್ನು ಹೊರಿಸಲಾಯಿತು. 2011ರಲ್ಲಿ ವಿಚಾರಣೆಗೆ ಮುನ್ನವೇ ಆ ಹತ್ತನ್ನೂ ಕೈಬಿಡಲಾಯಿತು. ಗಣಕಯಂತ್ರದ ಅನಧಿಕೃತ ಬಳಕೆಯೆಂಬ ಸಣ್ಣ ತಪ್ಪೊಂದನ್ನು ಅವರು ಒಪ್ಪಿಕೊಂಡರು. ಅಷ್ಟರಲ್ಲಿ ಅವರ ಉದ್ಯೋಗ ಹೋಗಿತ್ತು.

ಸ್ನೋಡೆನ್ ಅವರ ಮೇಲೂ ಅದೇ 1917ರ ಕಾನೂನು ಮತ್ತು ಸರ್ಕಾರಿ ಸ್ವತ್ತಿನ ಕಳವಿನ ಆರೋಪಗಳನ್ನು ಹೊರಿಸಲಾಗಿದೆ. ಸಾರ್ವಜನಿಕ ಹಿತಕ್ಕಾಗಿ ಮಾಡಿದೆನೆಂಬ ವಾದಕ್ಕೆ ಆ ಕಾನೂನಿನ ವಿಚಾರಣೆಯಲ್ಲಿ ಎಡೆ ದೊರೆಯುವುದಿಲ್ಲ. ಒಳಗೆ ತಕರಾರು ಎತ್ತಿದ್ದೆನೆಂದು ಅವರು ಹೇಳಿದರೆ, ತಮ್ಮ ಕಡತದಲ್ಲಿ ಸಿಕ್ಕಿದ್ದು ಒಂದೇ ಇ-ಮೇಲ್ ಎಂದು ಸಂಸ್ಥೆ ಹೇಳಿತು. ಅವರು ಕೊಂಡೊಯ್ದ ದಾಖಲೆಗಳಲ್ಲಿ ಬಹುಪಾಲು ಪ್ರಜೆಗಳ ಖಾಸಗಿತನಕ್ಕೆ ಸಂಬಂಧಿಸಿರದೆ ಸೈನ್ಯ ಮತ್ತು ರಕ್ಷಣೆಗೆ ಸೇರಿದ್ದವೆಂದು ಅಮೆರಿಕದ ಪ್ರತಿನಿಧಿ ಸಭೆಯ ಸಮಿತಿಯೊಂದು 2016ರಲ್ಲಿ ಕಟುವಾಗಿ ಟೀಕಿಸಿತು. 2013ರಿಂದ ರಷ್ಯಾದಲ್ಲಿ ಆಶ್ರಯ ಪಡೆದ ಅವರಿಗೆ 2022ರಲ್ಲಿ ಆ ದೇಶದ ಪೌರತ್ವ ದೊರೆಯಿತು. ಅವರ ನಡತೆಯ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಅವರು ಹೊರಗೆಡಹಿದ ಸಂಗ್ರಹವು ಕಾನೂನುಬದ್ಧವಾಗಿತ್ತೆ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ನ್ಯಾಯಾಲಯಗಳು ಉತ್ತರ ನೀಡಿವೆ.

ತಪಾಸಣೆಯ ಫಲಿತಾಂಶ

2013ರ ಡಿಸೆಂಬರ್‌ನಲ್ಲಿ ಎರಡು ಕೆಳ ನ್ಯಾಯಾಲಯಗಳು ಹನ್ನೊಂದು ದಿನಗಳ ಅಂತರದಲ್ಲಿ ತದ್ವಿರುದ್ಧ ತೀರ್ಪು ಕೊಟ್ಟವು. 2015ರ ಮೇ 7ರಂದು ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯವು, ಕಲಂ 215 ಇಂಥ ಸಗಟು ಸಂಗ್ರಹಕ್ಕೆ ಅಧಿಕಾರ ಕೊಡುವುದೇ ಇಲ್ಲವೆಂದು ನಿರ್ಣಯಿಸಿತು. ಅದೇ ವರ್ಷದ ಜೂನ್ 2ರಂದು ಹೊಸ ಕಾನೂನಿಗೆ ಅಂಕಿತ ಬಿದ್ದು, ನವೆಂಬರ್ ಅಂತ್ಯಕ್ಕೆ ಸಗಟು ಸಂಗ್ರಹ ನಿಂತಿತು. ರಹಸ್ಯ ನ್ಯಾಯಾಲಯದಲ್ಲಿ ಸರ್ಕಾರದ ವಾದವನ್ನು ಪ್ರಶ್ನಿಸಲು ಸ್ವತಂತ್ರ ವಕೀಲರನ್ನು ಕರೆಯುವ ವ್ಯವಸ್ಥೆಯೂ ಅದರಲ್ಲಿ ಬಂತು. 2020ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ, ಹಳೆಯ ಸಂಗ್ರಹವು ಕಾನೂನುಬಾಹಿರವಾಗಿತ್ತೆಂದು ಹೇಳಿತು.

ಲಾಭನಷ್ಟದ ಲೆಕ್ಕವೂ ಹೊರಬಂತು. ಸರ್ಕಾರವೇ ನೇಮಿಸಿದ್ದ ಖಾಸಗಿತನ ಮೇಲ್ವಿಚಾರಣಾ ಮಂಡಳಿಯು 2014ರ ಜನವರಿಯ ವರದಿಯಲ್ಲಿ, ಈ ಸಂಗ್ರಹವು ಯಾವುದೇ ಭಯೋತ್ಪಾದನಾ ತನಿಖೆಯ ಫಲಿತಾಂಶವನ್ನು ಬದಲಾಯಿಸಿದ ಒಂದು ಉದಾಹರಣೆಯೂ ಸಿಗಲಿಲ್ಲವೆಂದು ಬರೆಯಿತು. ಆದರೆ ವಿದೇಶೀಯರನ್ನು ಗುರಿಯಾಗಿಸುವ ‘ಪ್ರಿಸಂ’ ಮಾದರಿಯ ಸಂಗ್ರಹಕ್ಕೆ ಆಧಾರವಾದ ಕಲಂ 702 ಹಾಗೆಯೇ ಮುಂದುವರಿಯಿತು. 2024ರ ಏಪ್ರಿಲ್‌ನಲ್ಲಿ ಅದನ್ನು ಮತ್ತೆ ಎರಡು ವರ್ಷಗಳಿಗೆ ವಿಸ್ತರಿಸಲಾಯಿತು.

ಪರರ ವಶದ ದಾಖಲೆಯ ಸೂತ್ರವೂ ಸ್ವಲ್ಪ ಬಿಗಿಯಾಯಿತು. 2018ರ ಕಾರ್ಪೆಂಟರ್ ಪ್ರಕರಣದಲ್ಲಿ ಶಂಕಿತನೊಬ್ಬನ ಮೊಬೈಲ್ ಕಂಪನಿಯಿಂದ 127 ದಿನಗಳ ಅವಧಿಯ 12,898 ಸ್ಥಳ ಗುರುತುಗಳನ್ನು ಪಡೆಯಲಾಗಿತ್ತು. ಇದಕ್ಕೆ ನ್ಯಾಯಾಧೀಶರ ಶೋಧನಾ ಆದೇಶ ಅಗತ್ಯವೆಂದು ಅಮೆರಿಕದ ಸುಪ್ರೀಂ ಕೋರ್ಟ್ ಐವರು ನಾಲ್ವರ ಬಹುಮತದಿಂದ ಹೇಳಿತು. ಮಿಲ್ಲರ್ ಮತ್ತು ಸ್ಮಿತ್ ತೀರ್ಪುಗಳನ್ನು ಮಾತ್ರ ಅದು ರದ್ದುಗೊಳಿಸಲಿಲ್ಲ.

ವ್ಯಾಪಾರ ತೆತ್ತ ಬೆಲೆ

ಇದು ಸರ್ಕಾರ ಮತ್ತು ಪ್ರಜೆಗಳ ನಡುವಿನ ವಿಷಯ, ವ್ಯಾಪಾರಕ್ಕೇನು ಸಂಬಂಧ ಎಂದು ಕೇಳುವವರು ಲ್ಯಾವಾಬಿಟ್ ಎಂಬ ಸಣ್ಣ ಕಂಪನಿಯ ಕಥೆಯನ್ನು ಗಮನಿಸಬಹುದು. ಟೆಕ್ಸಾಸ್ ರಾಜ್ಯದಲ್ಲಿ ಲಾಡಾರ್ ಲೆವಿಸನ್ ನಡೆಸುತ್ತಿದ್ದ ಈ ಸುರಕ್ಷಿತ ಇ-ಮೇಲ್ ಸೇವೆಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಗ್ರಾಹಕರಿದ್ದರು. 2013ರಲ್ಲಿ ಸರ್ಕಾರ ಒಬ್ಬ ಗ್ರಾಹಕನ ವಿವರ ಬಯಸಿ, ಕೊನೆಗೆ ಎಲ್ಲ ಗ್ರಾಹಕರ ಪತ್ರಗಳಿಗೂ ಅನ್ವಯಿಸುವ ಗೂಢಲಿಪಿಯ ಕೀಲಿಯನ್ನೇ ಕೇಳಿತು. ಉಗ್ರಾಣದ ಒಂದು ಪೆಟ್ಟಿಗೆ ನೋಡಲು ಬಂದವರು ಇಡೀ ಉಗ್ರಾಣದ ಬೀಗದ ಕೈ ಕೇಳಿದಂತೆ. ವಿಳಂಬಕ್ಕಾಗಿ ದಿನಕ್ಕೆ 5,000 ಡಾಲರ್ ದಂಡ ಬಿದ್ದಿತು. ಕೀಲಿಯನ್ನು ಒಪ್ಪಿಸಬೇಕಾಗಿ ಬಂದಾಗ ಅವರು 2013ರ ಆಗಸ್ಟ್ 8ರಂದು ಸೇವೆಯನ್ನೇ ಮುಚ್ಚಿದರು. ಗೋಪ್ಯತೆಯೇ ಅವರು ಮಾರುತ್ತಿದ್ದ ಸರಕು. ಅದು ಹೋದ ಮೇಲೆ ಮಾರಲು ಏನೂ ಉಳಿಯುತ್ತಿರಲಿಲ್ಲ.

ದೊಡ್ಡ ಕಂಪನಿಗಳಿಗೂ ಬಿಸಿ ತಟ್ಟಿತು. ಯೂರೋಪಿನ ಜನರ ಮಾಹಿತಿಯನ್ನು ಅಮೆರಿಕಕ್ಕೆ ಒಯ್ಯಲು 2000ದಿಂದ ಇದ್ದ ‘ಸೇಫ್ ಹಾರ್ಬರ್’ ಒಪ್ಪಂದವನ್ನು ಯೂರೋಪಿನ ನ್ಯಾಯಾಲಯ 2015ರ ಅಕ್ಟೋಬರ್ 6ರಂದು ರದ್ದುಮಾಡಿತು. ಅದನ್ನು ನೆಚ್ಚಿಕೊಂಡಿದ್ದ ಕಂಪನಿಗಳ ಸಂಖ್ಯೆ ನಾಲ್ಕು ಸಾವಿರಕ್ಕೂ ಹೆಚ್ಚು. ಬದಲಿಗೆ ಬಂದ ವ್ಯವಸ್ಥೆಯೂ 2020ರ ಜುಲೈ 16ರಂದು ಬಿದ್ದುಹೋಯಿತು. ಮಾಹಿತಿ ಹೋಗುವ ದೇಶದ ಕಣ್ಗಾವಲು ಕಾನೂನು ಹೇಗಿದೆಯೆಂದು ಕಳುಹಿಸುವವರು ಪರಿಶೀಲಿಸಬೇಕೆಂಬುದು ಆ ತೀರ್ಪಿನ ತಾತ್ಪರ್ಯ. ಯೂರೋಪಿಗೆ ಸೇವೆ ರಫ್ತು ಮಾಡುವ ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ. ಹೀಗೆ ಒಂದು ದೇಶದ ಖಾಸಗಿತನದ ಕಾನೂನು ಅದರ ರಫ್ತಿನ ಅರ್ಹತಾಪತ್ರವೂ ಆಗಿದೆ.

ಭಾರತದ ಉತ್ತರ

ಇಂಥದೇ ಪ್ರಶ್ನೆ ಭಾರತದಲ್ಲಿ ಮುದ್ರಾಂಕ ಶುಲ್ಕದ ಮೂಲಕ ಎದ್ದುಬಂತು. ಆಂಧ್ರಪ್ರದೇಶ ಸರ್ಕಾರವು ಮುದ್ರಾಂಕ ಅಧಿನಿಯಮದ ಕಲಂ 73ಕ್ಕೆ ತಂದ ತಿದ್ದುಪಡಿಯಂತೆ, ಜಿಲ್ಲಾಧಿಕಾರಿಯಿಂದ ಅಧಿಕಾರ ಪಡೆದ ಯಾರೇ ಆಗಲಿ ಬ್ಯಾಂಕಿಗೆ ಹೋಗಿ ಅಲ್ಲಿ ಗ್ರಾಹಕರು ಇಟ್ಟ ದಸ್ತಾವೇಜುಗಳನ್ನು ಪರಿಶೀಲಿಸಿ ವಶಪಡಿಸಿಕೊಳ್ಳಬಹುದಾಗಿತ್ತು. ಶುಲ್ಕ ತಪ್ಪಿಸಲಾಗಿದೆಯೆಂದು ನಂಬಲು ಕಾರಣ ಇರಲೇಬೇಕೆಂಬ ನಿರ್ಬಂಧ ಇರಲಿಲ್ಲ. ಇದನ್ನು ಪ್ರಶ್ನಿಸಿದ್ದು ಕೆನರಾ ಬ್ಯಾಂಕ್. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ನಿಧಿಯಾಗಿ ಆರಂಭಿಸಿದ ಸಂಸ್ಥೆ.

2004ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಅಸಿಂಧುವೆಂದು ಸಾರಿತು. ಅಮೆರಿಕದ ಮಿಲ್ಲರ್ ತೀರ್ಪನ್ನು ಪರಿಶೀಲಿಸಿದ ನ್ಯಾಯಾಲಯ ಅದನ್ನು ಅನುಸರಿಸಲು ಒಪ್ಪಲಿಲ್ಲ. ಖಾಸಗಿತನದ ಹಕ್ಕು ವ್ಯಕ್ತಿಗೆ ಸೇರಿದ್ದು, ಸ್ಥಳಕ್ಕಲ್ಲ. ಗ್ರಾಹಕನು ತನ್ನ ಕಾಗದಪತ್ರಗಳನ್ನು ಮನೆಯಿಂದ ಬ್ಯಾಂಕಿಗೆ ಕಳುಹಿಸಿದ ಮಾತ್ರಕ್ಕೆ ಅವುಗಳ ಗೋಪ್ಯತೆ ಅಳಿಯುವುದಿಲ್ಲ ಎಂಬುದು ತೀರ್ಪಿನ ಸಾರ. ಅಮೆರಿಕದಲ್ಲಿ ಸಗಟು ಸಂಗ್ರಹಕ್ಕೆ ಅಡಿಪಾಯವಾದ ಸೂತ್ರವನ್ನೇ ಭಾರತ ಹೀಗೆ ನಿರಾಕರಿಸಿತು.

ಈ ತೀರ್ಪಿನ ಹಿಂದೆಯೂ ಮುಂದೆಯೂ ಎರಡು ಮೈಲಿಗಲ್ಲುಗಳಿವೆ. ಕರ್ನಾಟಕದಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪದಿಂದ 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ನೀಡಿದ್ದು ಹಿರಿಯ ವಾಚಕರಿಗೆ ನೆನಪಿರಬಹುದು. ಅಂಥ ಕದ್ದಾಲಿಕೆಯು ಖಾಸಗಿತನದ ಮೇಲಿನ ಆಕ್ರಮಣವೆಂದು 1996ರ ಡಿಸೆಂಬರ್ 18ರಂದು ಪಿಯುಸಿಎಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿ, ಗೃಹ ಕಾರ್ಯದರ್ಶಿಯ ಲಿಖಿತ ಆದೇಶ, ಕಾಲಮಿತಿ ಮತ್ತು ಪುನರ್‌ಪರಿಶೀಲನಾ ಸಮಿತಿಯನ್ನು ಕಡ್ಡಾಯಗೊಳಿಸಿತು. ತರುವಾಯ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಕುರಿತು ಸಲ್ಲಿಸಿದ ಅರ್ಜಿಯಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಘೋಷಿಸಿತು. ಸರ್ಕಾರ ಅದರಲ್ಲಿ ಕೈಹಾಕಬೇಕಾದರೆ ಕಾನೂನಿನ ಆಧಾರ ಇರಬೇಕು, ಉದ್ದೇಶ ನ್ಯಾಯಸಮ್ಮತವಾಗಿರಬೇಕು, ಕ್ರಮವು ಉದ್ದೇಶದ ಅಳತೆಯನ್ನು ಮೀರಕೂಡದು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಇದೇ ಅಳತೆಗೋಲಿನಿಂದ, ಬ್ಯಾಂಕ್ ಖಾತೆ ಮತ್ತು ಮೊಬೈಲ್ ಸಂಖ್ಯೆಗೆ ಆಧಾರ್ ಜೋಡಣೆಯ ಕಡ್ಡಾಯವನ್ನು ತೆಗೆದುಹಾಕಿ, ಪ್ಯಾನ್ ಜೋಡಣೆಯನ್ನು ಎತ್ತಿಹಿಡಿಯಲಾಯಿತು.

ಉಳಿದಿರುವ ಬಾಕಿ

ತತ್ತ್ವ ಗಟ್ಟಿಯಾಗಿದ್ದರೂ ವ್ಯವಸ್ಥೆಯಲ್ಲಿ ಮೂರು ಬಾಕಿಗಳು ಕಾಣುತ್ತವೆ.

ಮೊದಲನೆಯದು, ಸ್ವತಂತ್ರ ಪರಿಶೋಧನೆಯ ಅಭಾವ. 1885ರ ಟೆಲಿಗ್ರಾಫ್ ಅಧಿನಿಯಮದ ಬದಲಿಗೆ 2023ರ ದೂರಸಂಪರ್ಕ ಅಧಿನಿಯಮ ಬಂದಿದೆ; ಕದ್ದಾಲಿಕೆಯ ಹೊಸ ನಿಯಮಗಳು 2024ರ ಡಿಸೆಂಬರ್‌ನಲ್ಲಿ ಪ್ರಕಟವಾದವು. ಅವುಗಳಲ್ಲಿಯೂ ಆದೇಶ ನೀಡುವವರು ಗೃಹ ಕಾರ್ಯದರ್ಶಿಗಳು, ಪುನರ್‌ಪರಿಶೀಲಿಸುವವರೂ ಹಿರಿಯ ಸರ್ಕಾರಿ ಅಧಿಕಾರಿಗಳೇ. ನ್ಯಾಯಾಧೀಶರಿಗೆ ಸ್ಥಾನವಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಕೊಡಲು ಹೊಲದ ಒಡೆಯನಿಗೆ ಸಂಗತಿ ತಿಳಿಯುವ ದಾರಿಯೂ ಇಲ್ಲ.

ಎರಡನೆಯದು, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಕಲಂ 17. ದೇಶದ ಭದ್ರತೆ, ಸಾರ್ವಜನಿಕ ಶಾಂತಿಪಾಲನೆ ಮೊದಲಾದ ಕಾರಣಗಳಿಗಾಗಿ ಕೇಂದ್ರ ಸರ್ಕಾರವು ತನ್ನ ಯಾವುದೇ ಅಂಗಸಂಸ್ಥೆಯನ್ನು ಅಧಿಸೂಚನೆಯ ಮೂಲಕ ಈ ಕಾನೂನಿನಿಂದ ಹೊರಗಿಡಬಹುದು.

ಮೂರನೆಯದು, ಅಕ್ರಮ ಬಯಲಿಗೆಳೆಯುವವರ ರಕ್ಷಣೆ. ಹೆದ್ದಾರಿ ಕಾಮಗಾರಿಯ ಅವ್ಯವಹಾರವನ್ನು ಪ್ರಧಾನಮಂತ್ರಿಗಳ ಕಚೇರಿಗೆ ಬರೆದು ತಿಳಿಸಿ, ಹೆಸರನ್ನು ಗೋಪ್ಯವಾಗಿಡಲು ಕೋರಿದ್ದ ಎಂಜಿನಿಯರ್ ಸತ್ಯೇಂದ್ರ ದುಬೆ 2003ರ ನವೆಂಬರ್ 27ರಂದು ಗಯಾದಲ್ಲಿ ಹತ್ಯೆಯಾದರು. ಅವರ ಹೆಸರು ಗೋಪ್ಯವಾಗಿ ಉಳಿದಿರಲಿಲ್ಲ. ಅನಂತರದ ಒತ್ತಾಯದ ಫಲವಾಗಿ ಬಂದ ಸಂರಕ್ಷಣಾ ಅಧಿನಿಯಮಕ್ಕೆ 2014ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಅದನ್ನು ಜಾರಿಗೊಳಿಸುವ ಅಧಿಸೂಚನೆ ಮಾತ್ರ ಹತ್ತು ವರ್ಷ ಕಳೆದರೂ ಹೊರಬೀಳಲಿಲ್ಲ.

ವರ್ತಕರು ಗಮನಿಸಬೇಕಾದುದು

ವರ್ತಕನ ದಾಖಲೆ ಪರರ ವಶದಲ್ಲಿರುವಂತೆಯೇ ಪರರ ದಾಖಲೆಯೂ ವರ್ತಕನ ವಶದಲ್ಲಿರುತ್ತದೆ. ಗ್ರಾಹಕರ ಮೊಬೈಲ್ ಸಂಖ್ಯೆ, ಕಾರ್ಮಿಕರ ಆಧಾರ್ ಪ್ರತಿ, ಸರಬರಾಜುದಾರರ ಬ್ಯಾಂಕ್ ವಿವರ ಇವುಗಳಿಗೆ ಸಂಬಂಧಿಸಿದಂತೆ ಅವನೇ ಬ್ಯಾಂಕು, ಅವನೇ ದೂರವಾಣಿ ಕಂಪನಿ. 2023ರ ಅಧಿನಿಯಮದ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಾರಿಕೆಗಳ ಸಿದ್ಧತೆಗೆ ಹದಿನೆಂಟು ತಿಂಗಳ ಅವಕಾಶ ನೀಡಲಾಗಿದೆ. ಮಾಹಿತಿಯ ರಕ್ಷಣೆಗೆ ಯುಕ್ತ ಕ್ರಮ ಕೈಗೊಳ್ಳದಿದ್ದರೆ ವಿಧಿಸಬಹುದಾದ ದಂಡದ ಮಿತಿ 250 ಕೋಟಿ ರೂಪಾಯಿ. ಆದುದರಿಂದ ಅಗತ್ಯವಿಲ್ಲದ ಮಾಹಿತಿಯನ್ನು ಕೇಳದಿರುವುದು, ಕಾನೂನು ಇಡಲು ಹೇಳಿದ ಅವಧಿ ಮುಗಿದ ಮೇಲೆ ಉಳಿಸಿಕೊಳ್ಳದಿರುವುದು ಖರ್ಚಿಲ್ಲದ ಮುನ್ನೆಚ್ಚರಿಕೆ.

ಅಧಿಕಾರಿಗಳು ದಾಖಲೆ ಕೇಳಿದಾಗ ಕಾನೂನುಬದ್ಧ ಕೋರಿಕೆಗೆ ಅಡ್ಡಿಪಡಿಸುವುದು ತರವಲ್ಲ. ಆದರೆ ಕೋರಿಕೆ ಲಿಖಿತವಾಗಿದೆಯೆ, ಯಾವ ಕಲಂ ಅಡಿಯಲ್ಲಿದೆ, ಯಾರ, ಯಾವ ಅವಧಿಯ ದಾಖಲೆ ಬೇಕಾಗಿದೆ ಎಂಬುದನ್ನು ನೋಡಿ, ಕೇಳಿದಷ್ಟನ್ನೇ ಒಪ್ಪಿಸಿ, ಪ್ರತಿ ಮತ್ತು ಸ್ವೀಕೃತಿಯನ್ನು ಇಟ್ಟುಕೊಳ್ಳುವುದು ಗ್ರಾಹಕರ ಬಗೆಗಿನ ಕರ್ತವ್ಯ. ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ ಕಲಂ 67ರಲ್ಲಿ ಶೋಧನೆಗೆ ಮುನ್ನ ಜಂಟಿ ಆಯುಕ್ತರಿಗೆ ಕಡಿಮೆಯಿಲ್ಲದ ಅಧಿಕಾರಿಗೆ ‘ನಂಬಲು ಕಾರಣ’ ಇರಬೇಕೆಂದು ವಿಧಿಸಿರುವುದು ವರ್ತಕರಿಗೆ ಪರಿಚಿತ. ಕಾರಣ ಮೊದಲು, ಶೋಧನೆ ಆಮೇಲೆ. ಸಗಟು ಕಣ್ಗಾವಲಿನಲ್ಲಿ ಈ ಕ್ರಮ ತಲೆಕೆಳಗಾಗಿ, ಸಂಗ್ರಹ ಮೊದಲಾಗಿ ಕಾರಣ ಆಮೇಲೆ ಬರುತ್ತದೆ.

ಕೊನೆಯದಾಗಿ, ಸಂಸ್ಥೆಯ ಒಳಗಿನ ದೂರುಗಳ ವಿಷಯ. ಷೇರುಪೇಟೆಯಲ್ಲಿ ನೋಂದಾಯಿತವಾದ, ಸಾರ್ವಜನಿಕ ಠೇವಣಿ ಸ್ವೀಕರಿಸುವ ಅಥವಾ ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳಿಂದ 50 ಕೋಟಿ ರೂಪಾಯಿಗಿಂತ ಹೆಚ್ಚು ಸಾಲ ಪಡೆದ ಕಂಪನಿಗಳು ನೌಕರರ ದೂರಿಗೆ ಪ್ರತ್ಯೇಕ ಏರ್ಪಾಡು ಮಾಡಬೇಕೆಂದು 2013ರ ಕಂಪನಿಗಳ ಅಧಿನಿಯಮದ ಕಲಂ 177 ಹೇಳುತ್ತದೆ. ಸಣ್ಣ ಸಂಸ್ಥೆಗಳಿಗೆ ಈ ಕಡ್ಡಾಯವಿಲ್ಲ. ಆದರೂ ತಪ್ಪನ್ನು ಕಂಡ ಗುಮಾಸ್ತನು ಭಯವಿಲ್ಲದೆ ಮಾಲೀಕನ ಬಳಿ ಬಂದು ಹೇಳುವಂತಿದ್ದರೆ, ಅದು ಬೀದಿಗೆ ಬರುವ ಪ್ರಮೇಯವೇ ಒದಗುವುದಿಲ್ಲ. ಈ ಬಾಗಿಲು ಮುಚ್ಚಿದ್ದರಿಂದ ಆದ ನಷ್ಟದ ಲೆಕ್ಕವನ್ನು ಒಂದು ಬಲಾಢ್ಯ ಸರ್ಕಾರವೇ ಜಗತ್ತಿನ ಮುಂದೆ ಒಪ್ಪಿಸಬೇಕಾಯಿತೆಂಬುದನ್ನು ಮರೆಯಲಾಗದು.